ಭಾವನ ಬ್ಯಾಗಿನಲ್ಲಿ ಬರುವ ಫೋನು

ನಮ್ಮ ಅಡುಗೆಮನೆಯ ಅಟ್ಟದ ಮೇಲೆ ಕಾಫಿಬೀಜ ಪುಡಿಮಾಡುವ ಅಮೆರಿಕದ ಗ್ರೈಂಡರ್ ಒಂದು ಕೂತಿದೆ. ತಂಗಿ ಪ್ರೀತಿಯಿಂದ ಹೊತ್ತು ತಂದದ್ದು. ಪ್ಲಗ್ಗಿಗೆ ಚಪ್ಪಟೆ ಕಾಲು. ಮೂಲೆಯಂಗಡಿಯಿಂದ ಕನ್ವರ್ಷನ್ ಪ್ಲಗ್ ತಂದು ಸಿಕ್ಕಿಸಿದೆ. ಸ್ವಿಚ್ ಒತ್ತಿದ್ದೇ ತಡ, ಬೀಜ ಮೇಲಕ್ಕೆ ಎಗರುವಷ್ಟು ಜೋರಾಗಿ ಕಿರುಚಿಕೊಂಡು, ಸುಟ್ಟ ವಾರ್ನಿಷ್ ವಾಸನೆ ಬಿಟ್ಟು ತೆಪ್ಪಗಾಯಿತು. ಮಗುಚಿ ನೋಡಿದರೆ ತಳದಲ್ಲಿ ಇರುವೆಸಾಲಿನಂಥ ಅಕ್ಷರ: 120 ವೋಲ್ಟ್, 60 ಹರ್ಟ್ಸ್. ನಮ್ಮ ಗೋಡೆಯಲ್ಲಿ ಹರಿಯುವುದು 230 ವೋಲ್ಟ್, 50 ಹರ್ಟ್ಸ್. ಕನ್ವರ್ಷನ್ ಪ್ಲಗ್ಗು ಕಾಲಿನ ಆಕಾರ ಬದಲಿಸುತ್ತದೆಯೇ ಹೊರತು ಕರೆಂಟನ್ನಲ್ಲ. ರಿವೈಂಡಿಂಗ್ ಅಂಗಡಿಯವರು ಬಿಚ್ಚಿ ನೋಡಿ, “ಕಾಯಿಲ್ ಸುತ್ತಿ ಕೊಡ್ತೀನಿ ಸಾರ್, ಆದ್ರೆ ಅಷ್ಟು ದುಡ್ಡಿಗೆ ಇಲ್ಲೇ ಹೊಸದು ಬರುತ್ತೆ” ಅಂದರು.

ನಮ್ಮ ಕಡೆ ಫೋನೋ ಲ್ಯಾಪ್‌ಟಾಪೋ ಕೊಳ್ಳಬೇಕು ಅಂದಾಗ ಬಜೆಟ್ ಎಷ್ಟು ಎಂಬುದಕ್ಕಿಂತ ಮೊದಲು ಬರುವ ಪ್ರಶ್ನೆ, “ಅಲ್ಲಿಂದ ಯಾರಾದ್ರೂ ಬರ್ತಿದ್ದಾರಾ?” ಇದಕ್ಕೆ ಹಳೆಯ ಬೇರಿದೆ. ಗಲ್ಫಿನಿಂದ ಟೂ-ಇನ್-ಒನ್ ಟೇಪ್‌ರೆಕಾರ್ಡರ್ ಬರುತ್ತಿದ್ದ ಕಾಲ, ಭಟ್ಕಳದ ಫಾರಿನ್ ಅಂಗಡಿಗಳ ಕಾಲ, ಬೆಂಗಳೂರಿನ ನ್ಯಾಷನಲ್ ಮಾರ್ಕೆಟ್‌ನಲ್ಲಿ ಬಿಲ್ಲು ಕೇಳಬಾರದೆಂದು ಎಲ್ಲರಿಗೂ ಗೊತ್ತಿದ್ದ ಕಾಲ. ಆಗ ಆ ಸಾಮಾನು ಇಲ್ಲಿ ಸಿಗುತ್ತಲೇ ಇರಲಿಲ್ಲ. ಈಗ ಬಹುಪಾಲು ಎಲ್ಲವೂ ಸಿಗುತ್ತದೆ. ಉಳಿದಿರುವ ಒಂದೇ ಸಮರ್ಥನೆ ಬೆಲೆ. ಹಾಗಾದರೆ ಅದನ್ನೇ ನೋಡೋಣ.

2023ರ ಸೆಪ್ಟೆಂಬರ್‌ನಲ್ಲಿ ಐಫೋನ್ 15 ಪ್ರೊ ಬಂದಾಗ ಅಮೆರಿಕದಲ್ಲಿ ಅದರ ಬೆಲೆ 999 ಡಾಲರ್, ಇಲ್ಲಿ 1,34,900 ರೂಪಾಯಿ. ಡಾಲರಿಗೆ 83 ರೂಪಾಯಿಯಂತೆ ಅಲ್ಲಿನದು ಸುಮಾರು 83,000. ಐವತ್ತು ಸಾವಿರದಷ್ಟು ವ್ಯತ್ಯಾಸ ಕಂಡರೆ ಯಾರಿಗಾದರೂ ಬಾಯಲ್ಲಿ ನೀರು ಬರುತ್ತದೆ. ಆದರೆ ಅಮೆರಿಕದ ಬೋರ್ಡಿನ ಮೇಲಿನ ಬೆಲೆಗೆ ತೆರಿಗೆ ಸೇರಿರುವುದಿಲ್ಲ. ಕ್ಯಾಲಿಫೋರ್ನಿಯಾದ ಕನಿಷ್ಠ ದರ 7.25 ಶೇಕಡಾ ಸೇರಿಸಿದರೆ 89,000 ಹತ್ತಿರ. ಇಲ್ಲಿಗೆ ಬಂದಿಳಿದ ಮೇಲೆ, 2016ರ ಬ್ಯಾಗೇಜ್ ನಿಯಮದಂತೆ ಸುಂಕವಿಲ್ಲದೆ ತರಬಹುದಾಗಿದ್ದದ್ದು 50,000 ರೂಪಾಯಿಯಷ್ಟು, ಮಿಕ್ಕಿದ್ದಕ್ಕೆ 38.5 ಶೇಕಡಾ. ಅಂದರೆ ಇನ್ನೊಂದು 15,000. ಒಟ್ಟು 1,04,000. ನ್ಯಾಯವಾಗಿ ಸುಂಕ ಕಟ್ಟಿಯೂ 30,000 ಉಳಿಯಿತಲ್ಲ ಎನ್ನಬಹುದು, ಸರಿಯೇ. ಇಲ್ಲಿನ ಬ್ಯಾಂಕ್ ಕಾರ್ಡಿನ ರಿಯಾಯಿತಿ, ಹಳೆ ಫೋನಿನ ವಿನಿಮಯ, ಅಲ್ಲಿ ನಮ್ಮ ಕಾರ್ಡು ಉಜ್ಜಿದರೆ ಬೀಳುವ ವಿನಿಮಯ ಶುಲ್ಕ ಎಲ್ಲ ಕಳೆದರೂ ಒಂದಿಷ್ಟು ಉಳಿದೀತು.

ಆದರೆ ಎಷ್ಟು ಜನ ಕೆಂಪು ಚಾನೆಲ್ಲಿಗೆ ಹೋಗಿ ಈ 15,000 ಕಟ್ಟುತ್ತಾರೆ? “ಡಬ್ಬ ಅಲ್ಲೇ ಎಸೆದುಬಿಡಿ ಭಾವ, ಫೋನು ಜೇಬಲ್ಲಿಟ್ಕೊಂಡು ಬನ್ನಿ” ಎನ್ನುವುದು ನಮ್ಮ ಮನೆಗಳ ಪ್ರಮಾಣಿತ ಸಲಹೆ. ಇಡೀ ಪದ್ಧತಿಯಲ್ಲಿ ನನಗೆ ಅತ್ಯಂತ ಅಸಹ್ಯವೆನಿಸುವುದು ಇದೇ. ಲಾಭ ನಮ್ಮದು, ಇಪ್ಪತ್ತು ಗಂಟೆ ವಿಮಾನದಲ್ಲಿ ಕೂತು, ನಿದ್ದೆಗೆಟ್ಟ ಕಣ್ಣಲ್ಲಿ ಹಸಿರು ಚಾನೆಲ್ ದಾಟುವಾಗ ಎದೆ ಹೊಡೆದುಕೊಳ್ಳುವುದು ಭಾವನದು. ಮುಚ್ಚಿಟ್ಟು ಸಿಕ್ಕಿಬಿದ್ದರೆ ಮಾಲು ಜಪ್ತಿಯಾಗಬಹುದು, ದಂಡವೂ ಬೀಳಬಹುದು. ಆ ರಸೀದಿಯ ಮೇಲೆ ಇರುವುದು ಅವರ ಪಾಸ್‌ಪೋರ್ಟಿನ ಹೆಸರು. ಸಾಗಣೆಗೆ ಕೂಲಿಯಿಲ್ಲ, ವಿಮೆಗೆ ಕಂತಿಲ್ಲ. ಸಂಬಂಧದ ಲೆಕ್ಕಕ್ಕೆ ಬರೆದು ಅಗ್ಗ ಎನ್ನುತ್ತೇವೆ.

ತಂದ ಮೇಲಿನ ಕಥೆ ಬೇರೆ. 2022ರ ಐಫೋನ್ 14ರಿಂದ ಈಚೆಗೆ ಅಮೆರಿಕದ ಐಫೋನಿಗೆ ಸಿಮ್ ಹಾಕುವ ಕಿಂಡಿಯೇ ಇಲ್ಲ, ಇ-ಸಿಮ್ ಮಾತ್ರ. ಊರಿನಲ್ಲಿ ಫೋನು ಕೆಟ್ಟಾಗ ಸಿಮ್ ಕಿತ್ತು ಅಪ್ಪನ ಹಳೆ ಸೆಟ್ಟಿಗೆ ಹಾಕಿಕೊಳ್ಳುವ ಅಭ್ಯಾಸದವರು ಇದನ್ನು ಯೋಚಿಸಿಯೇ ಇರುವುದಿಲ್ಲ. ದುಬೈಯಲ್ಲಿ ಕೊಂಡ ಐಫೋನಿನಲ್ಲಿ ಬಹುಕಾಲ ಫೇಸ್‌ಟೈಮ್ ಇರುತ್ತಿರಲಿಲ್ಲ. ಜಪಾನಿನ ಫೋನಿನಲ್ಲಿ ಕ್ಯಾಮೆರಾದ ಕ್ಲಿಕ್ ಸದ್ದು ಮುಚ್ಚಲು ಬರುತ್ತಿರಲಿಲ್ಲ. ನಾಮಕರಣದಲ್ಲಿ ಮಲಗಿದ ಕೂಸಿನ ಫೋಟೊ ತೆಗೆದವರಿಗೆ ಅದರ ಬೆಲೆ ಗೊತ್ತು. ಇನ್ನು ವಾರಂಟಿ. ಎಷ್ಟೋ ಕಂಪನಿಗಳ ವಾರಂಟಿ ಕೊಂಡ ದೇಶಕ್ಕೇ ಕಟ್ಟುಬಿದ್ದಿರುತ್ತದೆ. ಸರ್ವಿಸ್ ಸೆಂಟರಿನ ಹುಡುಗ ಮಾಡೆಲ್ ಸಂಖ್ಯೆ ಓದಿ ತಲೆಯಾಡಿಸಿದರೆ ಅಲ್ಲಿಗೆ ಮುಗಿಯಿತು. ಮತ್ತೆ ಆರು ತಿಂಗಳು ಕಾದು, ಇನ್ನೊಬ್ಬ ಭಾವನ ಬ್ಯಾಗಿನಲ್ಲಿ ಅದನ್ನು ವಾಪಸು ಕಳಿಸಬೇಕು.

ಕೊರಿಯರ್‌ನಲ್ಲಿ ತರಿಸುವವರ ಪಾಡು ಇನ್ನೂ ಬಿರುಸು. ಸುಂಕ ಬೀಳುವುದು ವಸ್ತುವಿನ ಬೆಲೆಯ ಮೇಲೆ ಮಾತ್ರವಲ್ಲ, ಸಾಗಣೆ ಮತ್ತು ವಿಮೆ ಸೇರಿಸಿದ ಮೊತ್ತದ ಮೇಲೆ. ಸಾಗಣೆ ಖರ್ಚಿನ ದಾಖಲೆಯಿಲ್ಲದಿದ್ದರೆ ಬೆಲೆಯ ಶೇ 20, ವಿಮೆಯದಿಲ್ಲದಿದ್ದರೆ ಶೇ 1.125 ಎಂದು ಹಿಡಿಯುತ್ತಾರೆ. ವೈಯಕ್ತಿಕ ಬಳಕೆಯ ಆಮದಿಗೆ 2021ರಲ್ಲಿ ಇದ್ದ ಒಟ್ಟು ಸುಂಕ 77.28 ಶೇಕಡಾ. 10,000ದ ವಸ್ತು ಈ ಲೆಕ್ಕದಲ್ಲಿ 12,112 ಆಗಿ, ಸುಂಕವೇ 9,360 ಬೀಳುತ್ತಿತ್ತು. ಮುಂದೆ ದರ ಇಳಿದಿದೆ. ಕೊರಿಯರ್‌ನವರ ಕ್ಲಿಯರೆನ್ಸ್ ಶುಲ್ಕ ಇಳಿದದ್ದು ನಾನು ಕಂಡಿಲ್ಲ. ಗಿಫ್ಟ್ ಎಂದು ಬರೆಸಿ ಪಾರಾಗುವ ಉಪಾಯಕ್ಕೆ 2019ರ ಡಿಸೆಂಬರ್‌ನಲ್ಲೇ ಬೀಗ ಬಿತ್ತು. ಸುಂಕವಿಲ್ಲದ ಉಡುಗೊರೆಯಾಗಿ ಬರಲು ಜೀವರಕ್ಷಕ ಔಷಧಿಗೆ ಮತ್ತು ರಾಖಿಗೆ ಮಾತ್ರ ಅವಕಾಶ ಉಳಿಸಿದರು. ಆ ಆದೇಶ ಬರೆದ ಅಧಿಕಾರಿಗೆ ಅಕ್ಕತಂಗಿಯರು ಇದ್ದಿರಬೇಕು.

ಸುಂಕ ಕಟ್ಟಿದರೂ ಒಳಗೆ ಬಿಡದ ವಸ್ತುಗಳಿವೆ. 2022ರ ಫೆಬ್ರುವರಿಯಿಂದ ವಿದೇಶಿ ಡ್ರೋನ್ ಆಮದಿಗೆ ನಿಷೇಧವಿದೆ. ಮದುವೆ ಶೂಟಿಂಗಿನ ಹುಡುಗರು ಮಲೇಷ್ಯಾದಿಂದಲೋ ದುಬೈಯಿಂದಲೋ ತರಿಸುವ ಮುನ್ನ ಇದನ್ನು ತಿಳಿದಿರಬೇಕು. ಅನುಮತಿಯಿಲ್ಲದೆ ಸ್ಯಾಟಲೈಟ್ ಫೋನ್ ತಂದವರು ವಿಮಾನನಿಲ್ದಾಣದಲ್ಲೇ ಪೊಲೀಸರ ಕೈಗೆ ಸಿಕ್ಕಿದ್ದಾರೆ. ನಿಯಮ ರಾತ್ರೋರಾತ್ರಿ ಬದಲಾಗುವುದೂ ಉಂಟು: 2023ರ ಆಗಸ್ಟ್ 3ರಂದು ಲ್ಯಾಪ್‌ಟಾಪ್ ಆಮದಿಗೆ ಪರವಾನಗಿ ಬೇಕೆಂದ ಸರ್ಕಾರ, ಗದ್ದಲವಾದ ಮೇಲೆ ಅದನ್ನು ಮುಂದೂಡಿತು.

ಹಾಗೆಂದು ಎಲ್ಲಕ್ಕೂ ಬೇಡ ಎನ್ನಲಾರೆ. ಹದಿನೆಂಟು ತುಂಬಿದ ಪ್ರಯಾಣಿಕರು ಒಂದು ಲ್ಯಾಪ್‌ಟಾಪನ್ನು ಸುಂಕವಿಲ್ಲದೆ ರಾಜಾರೋಷವಾಗಿ ತರಬಹುದು. ಅದರ ಚಾರ್ಜರಿನ ಮೇಲೆ 100–240 ವೋಲ್ಟ್ ಎಂದಿರುತ್ತದೆ, ಸುಡುವ ಭಯವಿಲ್ಲ. ಇಲ್ಲಿ ಸಿಗದ ಹಳೆ ಕ್ಯಾಮೆರಾ ಲೆನ್ಸು ಕೂಡ ಸರಿ. ಸರ್ಕ್ಯೂಟ್ ಬೋರ್ಡು, ಸೆನ್ಸರ್ ಥರದ ಬಿಡಿಭಾಗ ಬೇಕಿದ್ದವರು ಚೀನಾಕ್ಕೆ ಆರ್ಡರ್ ಹಾಕುವ ಮುನ್ನ ಒಮ್ಮೆ ಬೆಂಗಳೂರಿನ ಎಸ್‌.ಪಿ. ರಸ್ತೆಯ ಇಕ್ಕಟ್ಟಿನಲ್ಲಿ ಸುತ್ತಿ ಬರಲಿ. ಸಗಟಿನಲ್ಲಿ ತರಿಸಿದ ಅಂಗಡಿಯವರು ಸುಂಕದ ತಲೆನೋವನ್ನು ಆಗಲೇ ಅನುಭವಿಸಿರುತ್ತಾರೆ, ಕೆಟ್ಟರೆ ನಾಳೆ ಹೋಗಿ ಜಗಳವಾಡಲು ಒಂದು ಕೌಂಟರ್ ಇರುತ್ತದೆ.

ಮೊನ್ನೆ ತಂಗಿ ಫೋನು ಮಾಡಿ, “ಅಣ್ಣ, ಡಿಸೆಂಬರ್‌ಗೆ ಬರ್ತಿದೀವಿ, ಏನು ತರ್ಲಿ?” ಅಂದಳು. ಹಿಂದಿನಿಂದ ಭಾವನ ದನಿ: “ತಳದಲ್ಲಿ ಎಷ್ಟು ವೋಲ್ಟ್ ಅಂತ ಫೋಟೊ ಕಳಿಸ್ತೀವಿ ಅಂತ ಹೇಳೇ.”