ರೋಮಿನ ಸ್ಥಳನಿಘಂಟುಗಳು: ಗೊತ್ತಿರುವುದೆಷ್ಟು, ಊಹೆಯೆಷ್ಟು?

ರೋಮಿನ ಟೆಸ್ಟಾಚೋ ಬಡಾವಣೆಯಲ್ಲಿ, ಟೈಬರ್ ನದಿಯ ಹತ್ತಿರ, ಮನೆಗಳ ಸಂದಿಯಲ್ಲಿ ಹಳೆಯ ಕಾಂಕ್ರೀಟ್ ಗೋಡೆಗಳು ನಿಂತಿವೆ. ಒಂದು ಕಾಲಕ್ಕೆ ಸುಮಾರು 487 ಮೀಟರ್ ಉದ್ದವಿದ್ದ ಕಟ್ಟಡ ಅದು. ಅದರ ಹೆಸರಿಗೆ ಇರುವ ದೊಡ್ಡ ಆಧಾರವೆಂದರೆ ಅಮೃತಶಿಲೆಯಲ್ಲಿ ಉಳಿದಿರುವ ಮೂರೇ ಅಕ್ಷರ: ಎಲ್, ಐ, ಎ. ವಿದ್ವಾಂಸ ಗುಗ್ಲಿಯೆಲ್ಮೊ ಗಾಟಿ 1934ರಲ್ಲಿ ಅದನ್ನು 'ಎಮಿಲಿಯ' ಎಂದು ಓದಿದರು; ಕಟ್ಟಡ ಸರಕಿನ ಉಗ್ರಾಣವಾಯಿತು. ಕೋಝಾ ಮತ್ತು ತುಚ್ಚಿ 2006ರಲ್ಲಿ 'ನವಾಲಿಯ' ಎಂದು ಓದಿದರು. ಅದೇ ಕಟ್ಟಡ ಹಡಗುಗಳ ಕೊಟ್ಟಿಗೆಯಾಯಿತು. ವಾದ ಇನ್ನೂ ಮುಗಿದಿಲ್ಲ.

ಆ ಅಕ್ಷರಗಳಿರುವುದು ಸೆಪ್ಟಿಮಿಯಸ್ ಸೆವೆರಸ್ ಚಕ್ರವರ್ತಿಯ ಕಾಲದಲ್ಲಿ, 203ರಿಂದ 211ರ ನಡುವೆ, ಗೋಡೆಯ ಮೇಲೆ ಕೆತ್ತಿಸಿದ ನಗರನಕ್ಷೆಯಲ್ಲಿ. ಹದಿನೆಂಟು ಮೀಟರ್ ಅಗಲ, ಹದಿಮೂರು ಮೀಟರ್ ಎತ್ತರದ ಆ ನಕ್ಷೆಯಲ್ಲಿ ಇಂದು ಉಳಿದಿರುವುದು ಹತ್ತರಲ್ಲೊಂದು ಪಾಲಿಗಿಂತ ತುಸು ಹೆಚ್ಚು. ಪ್ರಾಚೀನ ರೋಮಿನ ಯಾವ ಸ್ಥಳನಿಘಂಟನ್ನೇ ತೆರೆಯಿರಿ, ಈ ಚೂರುಗಳ ಮಾತು ಬರದೆ ಇರುವುದಿಲ್ಲ. ಆಧಾರ ಇಷ್ಟು ತೆಳುವಾಗಿರುವಾಗ, ಗೊತ್ತಿರುವುದನ್ನೂ ಊಹಿಸಿದ್ದನ್ನೂ ಬೇರೆಬೇರೆಯಾಗಿ ಇಡುವ ಪುಸ್ತಕವೇ ಒಳ್ಳೆಯ ಪುಸ್ತಕ. ಈ ಪರಂಪರೆಯನ್ನು ನಾನು ಅಳೆಯುವುದು ಇದೊಂದೇ ಕೋಲಿನಿಂದ.

ಇಂಗ್ಲಿಷ್ ಓದುಗರಿಗೆ ಬಹುಕಾಲ ದಾರಿ ತೋರಿಸಿದ್ದು ಪ್ಲಾಟ್ನರ್–ಆಶ್ಬಿ ನಿಘಂಟು. ಪ್ಲಾಟ್ನರ್ 1921ರಲ್ಲಿ ತೀರಿಕೊಂಡರು. ಅವರ ಹಸ್ತಪ್ರತಿಯನ್ನು ತಿದ್ದಿ, ತುಂಬಿ, 1929ರಲ್ಲಿ ಹೊರತಂದವರು ಥಾಮಸ್ ಆಶ್ಬಿ. ಆಧಾರವನ್ನು ವಾಕ್ಯವಾಕ್ಯಕ್ಕೂ ಕೊಡುವ ಅದರ ಶಿಸ್ತು ಇವತ್ತಿಗೂ ಮಾದರಿ. ಆದರೂ ಸರ್ಕಸ್ ಫ್ಲಾಮಿನಿಯಸ್ ಎಂಬ ಹಳೆಯ ಸಾರ್ವಜನಿಕ ಬಯಲು ಅದರಲ್ಲಿ ತಪ್ಪು ಜಾಗದಲ್ಲಿದೆ. ಬೊಟ್ಟೇಗೆ ಒಸ್ಕೂರೆ ಬೀದಿಯ ಬದಿಯ ಅವಶೇಷಗಳೇ ಆ ಸರ್ಕಸ್ ಎಂದು ಆಗ ವಿದ್ವಾಂಸರೆಲ್ಲ ನಂಬಿದ್ದರು. ಲಾಂಚಾನಿಯ ಸುಂದರವಾದ 46 ಹಾಳೆಗಳ ನಕ್ಷೆಯಲ್ಲೂ ಅದು ಅಲ್ಲೇ ಇದೆ. ಮತ್ತೆ ಅದೇ ಗಾಟಿ, 1960ರಲ್ಲಿ, ಶಿಲಾನಕ್ಷೆಯ ಒಂದು ಚೂರನ್ನು ಅದರ ಸರಿಯಾದ ಜಾಗಕ್ಕೆ ಸರಿಸಿದರು. ಬೊಟ್ಟೇಗೆ ಒಸ್ಕೂರೆಯ ಬದಿಯಲ್ಲಿದ್ದದ್ದು ಬಾಲ್ಬಸ್‌ನ ನಾಟಕಶಾಲೆ; ಸರ್ಕಸ್ ದಕ್ಷಿಣಕ್ಕೆ, ನದಿಯ ಕಡೆಗೆ ಜರುಗಿತು. ಒಂದು ಕಲ್ಲು ಸರಿದದ್ದಕ್ಕೆ ಇಡೀ ಕೇರಿಯೇ ಬದಲಾಯಿತು. ಆಶ್ಬಿಯವರು ತಮ್ಮ ಆಧಾರಗಳನ್ನು ಬಿಚ್ಚಿಟ್ಟಿದ್ದರಿಂದಲೇ ಅವರ ತಪ್ಪು ಎಲ್ಲಿಂದ ಬಂತೆಂದು ಇಂದು ಹುಡುಕಿ ತೆಗೆಯಬಹುದು.

ರಿಚರ್ಡ್‌ಸನ್ನರ 1992ರ ನಿಘಂಟು ಕೈಗೆ ಹಗುರ, ಓದಲು ಸುಲಭ. ಒಬ್ಬರೇ ಬರೆದದ್ದರಿಂದ ಒಬ್ಬರದೇ ತೀರ್ಪು.

ಎವಾ ಮಾರ್ಗರೆಟಾ ಸ್ಟೈನ್‌ಬಿ ಸಂಪಾದಿಸಿದ ಆರು ಸಂಪುಟಗಳ ಮಹಾಕೋಶದ (1993–2000) ರೀತಿಯೇ ಬೇರೆ. ಹಲವು ದೇಶಗಳ ವಿದ್ವಾಂಸರು, ಇಟಾಲಿಯನ್, ಫ್ರೆಂಚ್, ಜರ್ಮನ್, ಇಂಗ್ಲಿಷ್ ನಾಲ್ಕೂ ಭಾಷೆ. ಒಂದು ನಮೂದು ಹೇಳಿದ್ದನ್ನು ಇನ್ನೊಂದು ಒಪ್ಪದಿರುವುದೂ ಉಂಟು. ಹೊಸಬರಿಗೆ ಇದು ಗೊಂದಲ. ನನಗೆ ಇದೇ ಆ ಕೋಶದ ಹಿರಿಮೆ, ಏಕೆಂದರೆ ವಿದ್ವತ್ತಿನೊಳಗಿನ ಜಗಳವನ್ನು ಅದು ಮುಚ್ಚಿಡುವುದಿಲ್ಲ. ಅದರ ನಿಜವಾದ ಕೊರತೆ ಅಕಾರಾದಿ ಕ್ರಮ. ಅಕ್ಕಪಕ್ಕ ಗೋಡೆ ಹಂಚಿಕೊಂಡಿದ್ದ ಗುಡಿಗಳು ಬೇರೆಬೇರೆ ಸಂಪುಟಗಳಿಗೆ ಚದುರಿ, ಊರು ಊರಾಗಿ ಕಾಣುವುದಿಲ್ಲ.

ಕರಾಂದೀನಿ ಮತ್ತು ಅವರ ತಂಡದ ಅಟ್ಲಾಸ್ (2012) ತುಂಬಲು ಹೊರಟದ್ದು ಈ ಕೊರತೆಯನ್ನೇ. ಅಗಸ್ಟಸನ ಹದಿನಾಲ್ಕು ವಿಭಾಗಗಳ ಪ್ರಕಾರ ಊರನ್ನು ಮತ್ತೆ ಜೋಡಿಸಿದ್ದಾರೆ. ಹಾಳೆಹಾಳೆಯಲ್ಲೂ ಅಪಾರ ದುಡಿಮೆ ಇದೆ. ಆದರೆ ಚಿತ್ರಕ್ಕೆ 'ಬಹುಶಃ' ಎನ್ನಲು ಬರುವುದಿಲ್ಲ. ಅಗೆದಾಗ ಸಿಕ್ಕ ಅಡಿಪಾಯವೂ ಊಹಿಸಿ ಎಬ್ಬಿಸಿದ ಮಹಡಿಯೂ ಓದುಗರ ಕಣ್ಣಿಗೆ ಒಂದೇ ಆಗಿ ನಿಲ್ಲುತ್ತವೆ. ಇದಕ್ಕೆ ಆಕ್ಷೇಪ ಎತ್ತಿದ ವಿದ್ವಾಂಸರ ಪರ ನಾನಿದ್ದೇನೆ. ಅಟ್ಲಾಸ್ ನೋಡಿ ಊರಿನ ಅಂದಾಜು ಮಾಡಿಕೊಳ್ಳಬಹುದು. ಒಂದು ಗೋಡೆಯ ಬಗ್ಗೆ ಖಚಿತವಾಗಿ ಬರೆಯಬೇಕಾದರೆ ಸ್ಟೈನ್‌ಬಿ ಕೋಶಕ್ಕೇ ಮರಳಬೇಕು.

ಶಿಲಾನಕ್ಷೆಯ ಚೂರುಗಳಿಗಾಗಿಯೇ 2024ರ ಜನವರಿಯಲ್ಲಿ ರೋಮಿನ ಚೇಲಿಯೋ ಗುಡ್ಡದ ಮೇಲೆ ಮ್ಯೂಸಿಯಂ ತೆರೆದಿದೆ. ಅಲ್ಲಿ ನೊಲ್ಲಿ ಎಂಬವರು ಮಾಡಿದ 1748ರ ರೋಮ್ ನಕ್ಷೆಯನ್ನು ನೆಲಕ್ಕೆ ಹಾಸಿ, ಜಾಗ ಗೊತ್ತಾದ ಚೂರುಗಳನ್ನು ಅದರ ಮೇಲೆ ಗಾಜಿನಡಿ ಇಟ್ಟಿದ್ದಾರೆ. ಅವುಗಳ ನಡುವೆ ಬಿಟ್ಟುಹೋದ ಜಾಗವೇ ಹೆಚ್ಚು. ಅದನ್ನು ಹಾಗೆಯೇ ಬಿಟ್ಟಿದ್ದಾರೆ.