ಯಶೋಧರಚರಿತೆಯ ಆಡು

ಜನ್ನನ ‘ಯಶೋಧರಚರಿತೆ’ಯನ್ನು (1209) ಓದುವವರು ಸಾಮಾನ್ಯವಾಗಿ ಅಮೃತಮತಿಯ ಪ್ರಸಂಗದಲ್ಲಿಯೇ ನಿಂತುಬಿಡುವರು. ರಾಣಿಯು ಮಾವಟಿಗನಿಗೆ ಮನಸೋತುದು, ಅರಸನು ಮರೆಯಲ್ಲಿ ನಿಂತು ಕಂಡುದು, ಇವೇ ಕಾವ್ಯದ ಜೀವಾಳವೆಂದೂ ಮುಂದಿನ ಭವಾವಳಿಯು ಧರ್ಮೋಪದೇಶಕ್ಕಾಗಿ ಕಟ್ಟಿದ ಬಾಲವೆಂದೂ ಹೇಳುವ ವಾಡಿಕೆಯುಂಟು. ಆ ಮಾತು ನಮಗೆ ಒಪ್ಪಿಗೆಯಿಲ್ಲ.

ಹಿಟ್ಟಿನ ಕೋಳಿಯನ್ನು ಬಲಿಯಿತ್ತ ಸಂಕಲ್ಪಹಿಂಸೆಯ ಫಲವಾಗಿ ಯಶೋಧರನೂ ಅವನ ತಾಯಿ ಚಂದ್ರಮತಿಯೂ ಮೊದಲು ನವಿಲು ನಾಯಿಗಳಾಗಿ, ತರುವಾಯ ಬೇರೆ ಬೇರೆ ಪ್ರಾಣಿಗಳಾಗಿ ಹುಟ್ಟಿ ಸಾಯುವರು. ಒಂದು ಭವದಲ್ಲಿ ತಾಯಿಯು ಆಡು. ಮಗನು ಅದರ ಬಸಿರಿನಲ್ಲಿಯೇ ಹುಟ್ಟುವ ಹೋತ. ಆ ಹೋತವು ಕೊನೆಗೆ ಸೇರುವದು ಯಶೋಧರನ ಮಗನಾದ ಯಶೋಮತಿಯ ಅಡಿಗೆಮನೆಯನ್ನು. ತನ್ನ ಅರಮನೆಯಲ್ಲಿ, ತನ್ನವರ ಎಲೆಗೆ, ತಾನೇ ಬಡಿಸಲ್ಪಡುವದು! ವಾದಿರಾಜನ ಸಂಸ್ಕೃತಕಾವ್ಯದಲ್ಲಿಯೂ ಈ ಕಥೆಯಿದೆ. ಜನ್ನನು ಅದರ ಜಾಡನ್ನೇ ಹಿಡಿದವನು. ಆದರೆ ಕಂದಪದ್ಯದ ಬಿಗಿಯಲ್ಲಿ ಘೋರವು ಹೆಚ್ಚಿನ ವಿವರಣೆಯಿಲ್ಲದೆ ಸಾಗುವದರಿಂದ ನೇರವಾಗಿ ಎದೆಗೆ ತಾಗುವದು.

ಶಿರಹಟ್ಟಿ ಮುಂಡರಗಿಗಳ ಕಡೆಗೆ, ಕಪ್ಪತಗುಡ್ಡದ ಬದಿಯ ಊರುಗಳಲ್ಲಿ, ಇದು ಬರಿಯ ಪುರಾಣವಲ್ಲ. ಹೆಸರಿಟ್ಟು ಕರೆದ ಆಡು, ಹಿತ್ತಲಲ್ಲಿ ಕಟ್ಟಿ ಸೊಪ್ಪು ತಿನ್ನಿಸಿದ ಮರಿ, ಜಾತ್ರೆಗೋ ಹರಕೆಗೋ ಮನೆಯ ಗಡಿಗೆಗೆ ಬರುವದು. ಆ ದಿನ ಉಣ್ಣದೆ ಏಳುವ ಹುಡುಗರೂ ಉಂಟು. ಹಿರೇಬೇನೆ ಹೊಕ್ಕು ಹಿಂಡು ಉರುಳಿದರಂತೂ ಬಾಯಿಗೂ ಇಲ್ಲ, ಸಂತೆಗೂ ಇಲ್ಲ. ಬೇನೆಯಿಂದ ಸತ್ತುದನ್ನು ಆಳವಾಗಿ ತೋಡಿ ಸುಣ್ಣ ಹಾಕಿ ಹೂಳಬೇಕು. ಹೀಗೆ ಸಾಕಿದವನ ದುಃಖವು ಎರಡು ಬಗೆಯದು: ಕಳೆದುಕೊಂಡುದರದೊಂದು, ಉಂಡುದರದೊಂದು.

ಈ ಎರಡನೆಯ ದುಃಖವನ್ನು ಜನ್ನನು ಮುಟ್ಟಲಿಲ್ಲ. ಅವನಲ್ಲಿ ನೋಯುವದು ಆಡು, ಉಣ್ಣುವದು ಅರಸುಮನೆ, ಮೇಯಿಸಿದವನೆಲ್ಲಿ? ಕವಿಯ ಆಶ್ರಯದಾತನಾದ ವೀರಬಲ್ಲಾಳನು ನಮ್ಮ ಲಕ್ಕುಂಡಿಯಲ್ಲಿಯೇ ಕೆಲಕಾಲ ನೆಲೆನಿಂತಿದ್ದನು. ಆದರೂ ಈ ಸೀಮೆಯ ಕುರುಬನು ಆಸ್ಥಾನದ ಬಾಗಿಲನ್ನು ದಾಟಿ ಕಾವ್ಯದೊಳಗೆ ಬರಲಾರದೆ ಹೋದನು. ಇನ್ನೊಂದು ಆಕ್ಷೇಪವೂ ಇದೆ. ಹರಕೆಯ ಕುರಿಯನ್ನು ಕುರಿತ ಬಸವಣ್ಣನವರ ವಚನವನ್ನು ಪಕ್ಕದಲ್ಲಿಟ್ಟು ನೋಡಿರಿ. ಅಲ್ಲಿ ಕುರಿಯು ಕುರಿಯೇ. ಅದರ ಹಸಿವೂ ಸಾವೂ ಅದರವೇ. ಜನ್ನನಲ್ಲಿಯಾದರೋ ಆಡು ಮೊದಲು ಅರಸ, ಆಮೇಲೆ ಆಡು. ನಮಗೆ ಮರುಕ ಹುಟ್ಟಬೇಕಾದರೆ ಅದರ ಚರ್ಮದೊಳಗೆ ಉಜ್ಜಯಿನಿಯ ದೊರೆಯೇ ಇರಬೇಕೇ?

ಇಷ್ಟಾಗಿಯೂ ಭವಾವಳಿಯನ್ನು ಬಿಟ್ಟು ಓದಬಾರದು. ಅದನ್ನು ಆಡು ಸಾಕುವ ಮನೆಯ ಜಗಲಿಯಲ್ಲಿ ಕುಳಿತು ಒಮ್ಮೆ ಓದಿ ಹೇಳಿದರೆ ಮನೆಯ ಹೆಣ್ಣುಮಕ್ಕಳು ಏನನ್ನುವರೋ ಕೇಳಬೇಕಾಗಿದೆ.