ಜಿಲ್ಲೆ ಹಿಡಿದು ಮನೆತನ ಹುಡುಕುವ ಪದ್ಧತಿ

ಗದಗ ಸೀಮೆಯ ಮನೆತನಗಳ ಚರಿತ್ರೆ ಬರೆಯುವವರಲ್ಲಿ ಒಂದು ಪದ್ಧತಿ ಬೇರೂರಿದೆ. ಮೊದಲು ಜಿಲ್ಲೆ, ಆಮೇಲೆ ತಾಲೂಕು, ಕೊನೆಗೆ ಊರು ಎಂದು ದಫ್ತರಗಳಲ್ಲಿ ಮೇಲಿನಿಂದ ಕೆಳಗಿಳಿಯುವುದೇ ಆ ಪದ್ಧತಿ. ಅದರ ಬೆನ್ನಿಗೆ ನಿಂತಿರುವ ಗ್ರಂಥ 1884ರ ಧಾರವಾಡ ಗ್ಯಾಜೆಟಿಯರು, ಅಂದರೆ ಮುಂಬಯಿ ಪ್ರಾಂತದ ಮಾಲೆಯ 22ನೆಯ ಸಂಪುಟ. ಮನೆತನದ ಪುಸ್ತಕಗಳ ಮೊದಲ ಅಧ್ಯಾಯಕ್ಕೆ ಈ ಸಂಪುಟದಿಂದ ಎರಡು ಪುಟ ಎತ್ತಿಕೊಳ್ಳುವುದು ಶಾಸ್ತ್ರವೇ ಆಗಿದೆ. ಮಳೆ, ಬೆಳೆ, ಪೇಟೆ, ನೇಕಾರಿಕೆಯ ಬಗ್ಗೆ ಅದು ಕೊಡುವ ಮಾಹಿತಿ ಬೆಲೆಯುಳ್ಳದ್ದೇ. ವಂಶ ಹುಡುಕುವವರಿಗೆ ಮಾತ್ರ ಅದರ ಹೆಸರು ಅದರ ಉಪಯೋಗಕ್ಕಿಂತ ಬಹಳ ದೊಡ್ಡದು.

ಆ ಸಂಪುಟದ ಧಾರವಾಡ ಜಿಲ್ಲೆಗೆ ಹನ್ನೊಂದು ತಾಲೂಕು. ಅವುಗಳಲ್ಲಿ ಗದಗ ಇದೆ, ರೋಣ ಇದೆ. ಮುಂಡರಗಿ ಗದಗ ತಾಲೂಕಿನೊಳಗಿನ ಒಂದು ಪೇಟಾ, ಅಂದರೆ ಉಪವಿಭಾಗ. ಶಿರಹಟ್ಟಿ ಅಲ್ಲಿಲ್ಲ, ಲಕ್ಷ್ಮೇಶ್ವರವೂ ಇಲ್ಲ. ಶಿರಹಟ್ಟಿ ಸಾಂಗ್ಲಿ ಸಂಸ್ಥಾನದ ತಾಲೂಕಾಗಿತ್ತು, ಲಕ್ಷ್ಮೇಶ್ವರ ಮೀರಜ್ ಹಿರಿಯ ಸಂಸ್ಥಾನದ್ದು. ಎರಡೂ ಸಂಸ್ಥಾನಗಳು ಪಟವರ್ಧನ ಮನೆತನದವೇ. 1948ರ ಮಾರ್ಚ್ 8ರಂದು ದಕ್ಷಿಣದ ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ವಿಲೀನವಾದ ಮೇಲೆ ಈ ಊರುಗಳು ಧಾರವಾಡ ಜಿಲ್ಲೆಗೆ ಸೇರಿದವು. 1956ರ ನವೆಂಬರ್ 1ರಂದು ಜಿಲ್ಲೆ ಮೈಸೂರು ರಾಜ್ಯಕ್ಕೆ ಬಂತು, ಹಳೆಯ ರಾಜಧಾನಿಗಳಾದ ಸಾಂಗ್ಲಿ, ಮೀರಜ್ ಮುಂಬಯಿ ರಾಜ್ಯದಲ್ಲೇ ಉಳಿದವು. ಗದಗ ಜಿಲ್ಲೆ ಹುಟ್ಟಿದ್ದು 1997ರ ಆಗಸ್ಟ್ 24ರಂದು. ಇಷ್ಟು ಓದುಗರಿಗೆ ಗೊತ್ತಿರುವುದೇ. ಗೊತ್ತಿದ್ದೂ ಬರವಣಿಗೆಯಲ್ಲಿ ಅದು ಮರೆತುಹೋಗುವುದೇ ವಿಚಿತ್ರ.

ಇಂಥ ಪುಸ್ತಕಗಳಲ್ಲಿ ಸಾಮಾನ್ಯವಾಗಿ ಕಾಣುವ ಒಂದು ಮಾದರಿ ವಾಕ್ಯ ಹೀಗಿರುತ್ತದೆ: ನಮ್ಮ ಹಿರಿಯರು 1880ರ ಸುಮಾರಿಗೆ ಗದಗ ಜಿಲ್ಲೆಯ ಲಕ್ಷ್ಮೇಶ್ವರ ತಾಲೂಕಿನಿಂದ ಅದೇ ಜಿಲ್ಲೆಯ ಮುಂಡರಗಿ ತಾಲೂಕಿಗೆ ಬಂದು ನೆಲೆಸಿದರು. ಓದಲು ಸರಳ, ನಂಬಲು ಸುಲಭ. ಆದರೆ 1880ರಲ್ಲಿ ಗದಗ ಜಿಲ್ಲೆ ಇರಲಿಲ್ಲ, ಮುಂಡರಗಿ ತಾಲೂಕಾಗಿರಲಿಲ್ಲ. ಲಕ್ಷ್ಮೇಶ್ವರ ತಾಲೂಕು ಮಾತ್ರ ಇತ್ತು, ಅದೂ ಮೀರಜ್ ಸಂಸ್ಥಾನದ್ದು. ವಿಲೀನದ ನಂತರ ಅದು ಶಿರಹಟ್ಟಿ ತಾಲೂಕಿನೊಳಗೆ ಕರಗಿ, ಹೊಸ ತಾಲೂಕುಗಳ ಸಾಲಿನಲ್ಲಿ 2018ರ ಹೊತ್ತಿಗೆ ಮತ್ತೆ ಹುಟ್ಟಿತು. ಹೆಸರು ಒಂದೇ ಇದ್ದರೂ ಎಲ್ಲೆ ಬೇರೆ, ಆಳಿಕೆಯೂ ಬೇರೆ. ವಾಕ್ಯದಲ್ಲಿ ಸರಿಯಾಗಿ ಕಾಣುವ ಒಂದೇ ಪದವೂ ಹೀಗೆ ಅಕಸ್ಮಾತ್ತಾಗಿ ಸರಿಯಾದದ್ದು.

ಇದನ್ನು ಬರೀ ಕಾಲದೋಷವೆಂದು ತಿದ್ದಿ ಮುಂದೆ ಹೋಗುವಂತಿಲ್ಲ. ಮಾದರಿ ವಾಕ್ಯದ ಪ್ರಕಾರ ಆ ಮನೆಯವರು ನೆರೆಯ ತಾಲೂಕಿಗೆ ಹೋದರು. ನಡೆದದ್ದು ಸಂಸ್ಥಾನದ ಹೊಲ ಬಿಟ್ಟು ಕಂಪನಿ ಸರಕಾರದ ನಂತರದ ಬ್ರಿಟಿಷ್ ಮುಲುಕಿಗೆ ದಾಟಿದ್ದು. ಅಲ್ಲಿ ಕಂದಾಯ ಬೇರೆ, ಮೋಜಣಿ ಬೇರೆ, ವತನದ ಕಾಯಿದೆ ಬೇರೆ. ಯಾಕೆ ದಾಟಿದರು? ಸಾಲಕ್ಕೋ, ಬರಕ್ಕೋ, ಹೊಲದ ತಕರಾರಿಗೋ, ಬೀಗರ ಆಸರೆಗೋ? ಎಲ್ಲವನ್ನೂ ಇಂದಿನ ಒಂದೇ ಜಿಲ್ಲೆಯೊಳಗೆ ಹಾಕಿದ ಕೂಡಲೇ ಈ ಪ್ರಶ್ನೆ ಕೇಳುವ ಅಗತ್ಯವೇ ಕಾಣದಾಗುತ್ತದೆ. ‘ಅದೇ ಜಿಲ್ಲೆಯ’ ಎಂಬ ಎರಡು ಪದ ಒಂದು ಮನೆತನದ ಅತಿ ದೊಡ್ಡ ನಿರ್ಧಾರವನ್ನು ನುಂಗಿಬಿಡುತ್ತವೆ.

ತೇದಿಗಳದ್ದೂ ಇದೇ ಪಾಡು. ಹಳೆಯ ಮೋಡಿ ಲಿಪಿಯ ಕಾಗದದಲ್ಲಿ ‘ಸನ 1250’ ಎಂದಷ್ಟೇ ಇದ್ದರೆ, ಅದು ಫಸಲಿಯಾದರೆ 590 ಕೂಡಿಸಿ 1840 ಆಗುತ್ತದೆ. ಮರಾಠರು ಬಳಸಿದ ಸುಹೂರ ಸನವಾದರೆ 599 ಕೂಡಿಸಿ 1849. ಒಂಬತ್ತು ವರ್ಷದ ಅಂತರದಲ್ಲಿ ಅಣ್ಣ ತಮ್ಮನಾಗುತ್ತಾನೆ, ಸತ್ತವನು ಕ್ರಯಪತ್ರಕ್ಕೆ ರುಜು ಹಾಕುತ್ತಾನೆ. ಕಾಗದ ಯಾವ ಕಚೇರಿಯಲ್ಲಿ ಹುಟ್ಟಿತೆಂದು ತಿಳಿಯದೆ ಸನ ಯಾವುದೆಂದು ತಿಳಿಯದು. ಅದು ತಿಳಿಯಬೇಕಾದರೆ ಆ ವರ್ಷ ಆ ಊರು ಯಾರ ಕೈಲಿತ್ತು ಎನ್ನುವುದು ಮೊದಲು ಗೊತ್ತಿರಬೇಕು.

ದಾಖಲೆಗಳ ದಪ್ಪವೂ ಗಡಿಯನ್ನು ನೋಡಿಯೇ ಬದಲಾಗುತ್ತದೆ. ಇನಾಮು ಜಮೀನುಗಳ ಹಕ್ಕನ್ನು ತನಿಖೆ ಮಾಡುತ್ತಿದ್ದ ಇನಾಮು ಕಮಿಷನ್ನಿಗೆ 1852ರ ಕಾಯಿದೆ ಬಲ ಕೊಟ್ಟ ಮೇಲೆ ಬ್ರಿಟಿಷ್ ಹಳ್ಳಿಗಳ ಇನಾಮುದಾರರು ತಮ್ಮ ಹಕ್ಕು ಸಾಧಿಸಲು ವಂಶದ ಪಟ್ಟಿ ಕೊಡಬೇಕಾಯಿತು. 1874ರ ವತನ ಕಾಯಿದೆ ಗೌಡಕಿ, ಕುಲಕರ್ಣಿಕೆಗಳ ವಾರಸುದಾರರನ್ನು ಬರೆಸಿತು. ಸಂಸ್ಥಾನದ ಹಳ್ಳಿಗಳು ಈ ತನಿಖೆಯ ಹೊರಗೆ. ಗದಗ ತಾಲೂಕಿನಲ್ಲೂ ಶಿರಹಟ್ಟಿ ತಾಲೂಕಿನಲ್ಲೂ ಹೊಲವಿದ್ದ ಮನೆತನದ ಒಂದು ಕವಲು ಹೀಗೆ ಐದಾರು ತಲೆಮಾರು ದಟ್ಟವಾಗಿ ಕಾಣುತ್ತದೆ, ಇನ್ನೊಂದು ಕವಲು ಎರಡಕ್ಕೇ ನಿಲ್ಲುತ್ತದೆ. ಪುಸ್ತಕದಲ್ಲಿ ಮೊದಲನೆಯದು ‘ಹಿರಿಯ ಮನೆ’ಯಾಗುತ್ತದೆ. ಹಿರಿತನ ಕೊಟ್ಟದ್ದು ಹುಟ್ಟಲ್ಲ, ಮುಂಬಯಿ ಸರಕಾರದ ಕಾರಕೂನ.

ಮುಂಡರಗಿಯಲ್ಲಿ ತೊಡಕು ಇನ್ನೂ ಹೆಚ್ಚು. ಮೂಡಲಿಗೆ ಕೊಪ್ಪಳ, ಯಲಬುರ್ಗಿ ನಿಜಾಮರವು. ತುಂಗಭದ್ರೆಯ ಆಚೆ ಹಡಗಲಿ ಮದ್ರಾಸ್ ಪ್ರಾಂತದ ಬಳ್ಳಾರಿ ಜಿಲ್ಲೆಯದು, 1953ರಲ್ಲಷ್ಟೇ ಮೈಸೂರಿಗೆ ಬಂದದ್ದು. ಪಡುವಲಿಗೆ ಸಾಂಗ್ಲಿಯ ಶಿರಹಟ್ಟಿ. ನಾಲ್ಕು ಆಡಳಿತಗಳು ಕೂಡುವ ಈ ನೆಲದಲ್ಲಿ ಬೀಗತನ ಮಾತ್ರ ಗಡಿ ಕೇಳಲಿಲ್ಲ. ಹೊಳೆಯಾಚೆಗೆ ಕೊಟ್ಟ ಮಗಳು ಮುಂಬಯಿ ದಾಖಲೆಯಿಂದ ಕಾಣೆಯಾಗಿ ಮದ್ರಾಸಿನ ದಾಖಲೆಯಲ್ಲಿ ಯಾರದೋ ಹೆಂಡತಿಯಾಗಿ ಸಿಗಬಹುದು, ಸಿಗದೆಯೂ ಇರಬಹುದು. 1858ರಲ್ಲಿ ಬ್ರಿಟಿಷರ ವಿರುದ್ಧ ಬಂಡೆದ್ದ ಮುಂಡರಗಿ ಭೀಮರಾಯರು ಡಂಬಳದ ಖಜಾನೆ ಲೂಟಿ ಮಾಡಿ ಕಾದಾಡಿ ಮಡಿದದ್ದು ನಿಜಾಮರ ಕೊಪ್ಪಳದ ಕೋಟೆಯಲ್ಲಿ. ಜೊತೆಗಿದ್ದ ಹಮ್ಮಿಗಿ ಕೆಂಚನಗೌಡರದೂ ಅದೇ ಕತೆ. ಬಂಡಾಯ ಎದ್ದ ಊರು ಒಂದು ಸರಕಾರದ್ದು, ಮುಗಿದ ಊರು ಇನ್ನೊಂದರದ್ದು.

ಅಡ್ಡಹೆಸರು ದಾರಿ ತೋರಿಸುತ್ತದೆಂಬ ನಂಬಿಕೆಯೂ ಅರ್ಧ ಮಾತ್ರ ನಿಜ. ಬೆಟಗೇರಿ ಎಂದೊಡನೆ ಗದಗಿನ ಜೋಡಿ ಊರು ನೆನಪಾಗುತ್ತದೆ. ಆದರೆ ಕವಿ ‘ಆನಂದಕಂದ’ ಬೆಟಗೇರಿ ಕೃಷ್ಣಶರ್ಮರ ಬೆಟಗೇರಿ ಬೆಳಗಾವಿ ಜಿಲ್ಲೆಯ ಗೋಕಾಕ ತಾಲೂಕಿನದು.

ಈ ಎಲ್ಲ ಗೋಜಲಿಗೂ ಹೊರಗಿರುವ ಒಂದು ಪರಂಪರೆ ಈ ಸೀಮೆಯಲ್ಲೇ ಇದೆ, ಹೆಳವರದು. ಎತ್ತಿನ ಮೇಲೆ ಬಂದು ಮನೆಯ ಮುಂದೆ ನಿಂತು ಮೂಲದ ಊರು, ಬೆಡಗು, ಮನೆದೇವರು, ಕವಲೊಡೆದ ಬಗೆ, ಊರಿಂದ ಊರಿಗೆ ಬಂದ ದಾರಿಯನ್ನು ಹೇಳಿ, ಕಾಳು-ಬಟ್ಟೆ ಪಡೆದು ಹೋಗುವವರು. ಬ್ರಿಟಿಷರ ಕಾಲದ ಜಾತಿ ವಿವರಣೆಗಳು ಇವರನ್ನು ಭಿಕ್ಷುಕರ ಸಾಲಿಗೆ ಸೇರಿಸಿ ಮುಗಿಸಿದವು. ಆ ತಿರಸ್ಕಾರ ಇಂದಿನ ಕೆಲವು ವಿಮರ್ಶಕರ ಬರಹದಲ್ಲೂ ಉಳಿದಿದೆ. ಹೆಳವರದು ದಾನಕ್ಕಾಗಿ ಮಾಡಿದ ಹೊಗಳಿಕೆ, ಜಮೀನಿನ ಉತಾರವೊಂದೇ ಪುರಾವೆ ಎಂಬುದು ಈ ವಿಮರ್ಶಕರ ವಾದ. ಹಾಗಾದರೆ ಇನಾಮು ಕಮಿಷನ್ನಿನ ಮುಂದೆ ಕೊಟ್ಟ ವಂಶಾವಳಿ ಎಲ್ಲಿಂದ ಬಂತು? ಅದೂ ಜಮೀನು ಉಳಿಸಿಕೊಳ್ಳಲು ಬಾಯಲ್ಲಿ ಹೇಳಿ ಬರೆಸಿದ ಮಾತೇ. ಇಂದು ವಂಶವೃಕ್ಷದ ಅರ್ಜಿಗೆ ಹಚ್ಚುವ ಪಟ್ಟಿಯೂ ಮನೆಯವರ ಹೇಳಿಕೆ, ಪಂಚನಾಮೆಯ ಸಾಕ್ಷಿಗಳ ಮೇಲೆಯೇ ನಿಂತದ್ದು. ಹಿತಾಸಕ್ತಿ ಎರಡೂ ಕಡೆ ಇದೆ. ಮೊಹರು ಒಂದು ಕಡೆ ಇದೆ. ಹೆಳವರ ಹೇಳಿಕೆಗೆ ಇರುವ ನಿಜವಾದ ಕೊರತೆಗಳು ಬೇರೆ: ತೇದಿ ಇರುವುದಿಲ್ಲ, ಹೆಣ್ಣುಮಕ್ಕಳ ಹೆಸರು ವಿರಳ, ಸಂತಾನವಿಲ್ಲದ ಕವಲು ಬಿದ್ದುಹೋಗಿರುತ್ತದೆ. ಆದರೆ ಅವರ ಲೆಕ್ಕ ಊರಿನದು, ಬೆಡಗಿನದು. ಮೀರಜ್ ಹೋಗಿ ಮುಂಬಯಿ ಬಂದರೂ, ಧಾರವಾಡ ಹೋಗಿ ಗದಗ ಬಂದರೂ ಅದನ್ನು ತಿದ್ದಬೇಕಾಗಿ ಬರಲಿಲ್ಲ.

ಆದ್ದರಿಂದ ಹುಡುಕಾಟ ಊರಿನಿಂದಲೇ ಮೇಲಕ್ಕೆ ಹೋಗಬೇಕು. ಮೊದಲು ಊರಿನ ಹೆಸರು, ಸರ್ವೆ ನಂಬರು, ಬೆಡಗು, ಆಮೇಲೆ ಆ ಊರು ಯಾವ ವರ್ಷ ಯಾರದಾಗಿತ್ತೆಂಬ ಪಟ್ಟಿ, ಕೊನೆಗೆ ದಫ್ತರ. ಶಿರಹಟ್ಟಿ ಕಡೆಯ ಮನೆಗಳಿಗೆ 1948ರ ಹಿಂದಿನ ಜಾಡು ಧಾರವಾಡದಲ್ಲಿ ಕಡಿದರೆ ಸಾಂಗ್ಲಿಯತ್ತ ನೋಡಬೇಕು, ಮೋಡಿ ಓದುವವರನ್ನು ಜೊತೆಗೆ ಕರೆದುಕೊಂಡು. ಶಾಲೆಯ ದಾಖಲೆ, ಹಕ್ಕು ಬದಲಾವಣೆಯ ನೋಂದುಗಳ ಈಚಿನ ನಕಲುಗಳಲ್ಲಿ ತಲೆಬರಹ ಇಂದಿನ ಜಿಲ್ಲೆಯದಾಗಿರುವುದುಂಟು; ಮೂಲ ಪುಸ್ತಕದ ಪುಟವನ್ನೇ ಕೇಳಿ ನೋಡಬೇಕು. ಲಕ್ಷ್ಮೇಶ್ವರದ ಹಳ್ಳಿಗಳ ಹಳೆಯ ಕೈಬರಹದ ಪಹಣಿಗೆ ಹೊಸ ತಾಲೂಕು ಕಚೇರಿಯಲ್ಲಿ ‘ಇಲ್ಲ’ ಎಂಬ ಉತ್ತರ ಬಂದರೆ ಶಿರಹಟ್ಟಿಯಲ್ಲಿ ಮತ್ತೊಮ್ಮೆ ಅರ್ಜಿ ಹಾಕುವುದು ಒಳ್ಳೆಯದು.